ಕೆಂಪು ಗುರುತಿನ ಲೋಟ

ಮುಂಬಯಿ ಬಳಿಯ ಡೊಂಬಿವಲಿಯ ರತ್ನಾವತಿಯವರಿಗೆ ಕಾಮಾಲೆ ಹೊಸದಲ್ಲ. ಹಿಂದಿನ ಮಳೆಗಾಲದಲ್ಲಿ ಗಂಡ ಲೋಕನಾಥ ಅಡುಗೆ ಮಾಡುವ ಹೋಟೆಲಿನಲ್ಲಿ ಮೂವರು ಕೆಲಸದವರ ಕಣ್ಣು ಹಳದಿಯಾಗಿತ್ತು. ಮಾಲೀಕರು ಅವರ ಲೋಟಗಳಿಗೆ ಗುರುತು ಹಾಕಿ ಬೇರೆ ಇರಿಸಿದರು, ನೀರಿನ ಟಾಂಕಿ ತೊಳೆಸಿದರು. ನಾಲ್ಕನೆಯವರಿಗೆ ಹರಡಲಿಲ್ಲ. ಅಂದಿನಿಂದ ಆ ಹೋಟೆಲಿನ ಕ್ರಮವೇ ರತ್ನಾವತಿಯವರಿಗೆ ವೇದವಾಕ್ಯ.

ಏಳು ತಿಂಗಳ ಬಸುರಿ ಸೊಸೆ ರಮಿತಾಳ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಎಂಬ ಲಿವರ್ ಸೋಂಕು ಇದೆಯೆಂದು ಬಂತು. ಅದೂ ಕಾಮಾಲೆಯ ಜಾತಿಯದ್ದೇ ಎಂದು ಮಗ ಯೋಗೀಶ್ ಹೇಳಿದ್ದೇ ತಡ, ರತ್ನಾವತಿ ಒಂದು ಸ್ಟೀಲ್ ಲೋಟಕ್ಕೆ ಕೆಂಪು ನೈಲ್ ಪಾಲಿಶ್ ಬಳಿದು ಸೊಸೆಯ ಮುಂದಿಟ್ಟರು. ತಟ್ಟೆ ಬೇರೆಯಾಯಿತು. ಅಡುಗೆಮನೆಗೆ ಬರಬೇಡ ಎಂದದ್ದಾಯಿತು. ಹುಟ್ಟುವ ಮಗುವಿಗೆ ಡಬ್ಬಿ ಹಾಲೇ ಸಾಕು, ತಾಯಿಯ ಹಾಲು ಬೇಡ ಎಂದೂ ತೀರ್ಮಾನಿಸಿಬಿಟ್ಟರು. ರಮಿತಾಳಿಗೆ ಅನ್ನ ಸೇರದಾಯಿತು.

ಹಾಗೆಂದು ರತ್ನಾವತಿ ಕೆಟ್ಟವರೇನಲ್ಲ. ಮೊಮ್ಮಗುವಿಗೆ ಏನಾಗಿಬಿಡುತ್ತದೋ ಎಂದು ಅವರ ಜೀವ ಕೈಯಲ್ಲಿತ್ತು.

ಬಸುರಿಯ ತೂಕ ಏರುತ್ತಿಲ್ಲವೆಂದು ಆರೋಗ್ಯ ಕೇಂದ್ರದ ನರ್ಸ್ ಬಾಲಮ್ಮ ಮನೆಗೇ ಬಂದರು. ಕಲಬುರಗಿ ಕಡೆಯ ಹೆಂಗಸು, ಮಾತು ನೇರ. ಕಿಟಕಿಯಲ್ಲಿದ್ದ ಲೋಟ ಕಣ್ಣಿಗೆ ಬಿತ್ತು.

“ಇದೇನ್ರಿ ಅಕ್ಕಾರ, ಲೋಟಕ್ಕ ಕುಂಕುಮ ಹಚ್ಚೀರಿ?”

ರತ್ನಾವತಿ ಹೋಟೆಲಿನ ಕಥೆ ಪೂರ್ತಿ ಹೇಳಿದರು. “ಲೋಟ ಬೇರೆ ಮಾಡಿದ್ದಕ್ಕೇ ಅಲ್ವಾ ಅಲ್ಲಿ ನಿಂತದ್ದು? ಹೊಟ್ಟೆಯಲ್ಲಿ ಮಗು ಉಂಟು. ನಾನು ಎಂತ ಮಾಡ್ಲಿ, ನೀವೇ ಹೇಳಿ.”

ಬಾಲಮ್ಮ ಬೈಯಲಿಲ್ಲ, ನೆಲದ ಮೇಲೆ ಕುಳಿತು ಬಿಡಿಸಿ ಹೇಳಿದರು. ಹೋಟೆಲಿನವರಿಗೆ ಬಂದದ್ದು ಬಹುಶಃ ಹೆಪಟೈಟಿಸ್ ಎ ಎಂಬ ಬಗೆ. ರೋಗಿಯ ಮಲದಿಂದ ಅದು ನೀರಿಗೆ, ತೊಳೆಯದ ಕೈಯಿಂದ ಊಟಕ್ಕೆ ಸೇರುತ್ತದೆ. ಅಲ್ಲಿ ಟಾಂಕಿ ತೊಳೆಸಿದ್ದೇ ಹೆಚ್ಚು ಕೆಲಸಕ್ಕೆ ಬಂದಿರಬೇಕು. ಇ ಎಂಬುದರ ದಾರಿಯೂ ಅದೇ, ಬಸುರಿಯರಿಗಂತೂ ಅದು ಬಹಳ ಅಪಾಯ, ಆದ್ದರಿಂದ ರಮಿತಾಳಿಗೆ ಕುದಿಸಿದ ನೀರನ್ನೇ ಕೊಡಬೇಕು. ಬಿ ಮತ್ತು ಸಿ ರಕ್ತದ ದಾರಿ ಹಿಡಿಯುತ್ತವೆ. ಬಿ ಅಸುರಕ್ಷಿತ ಲೈಂಗಿಕ ಸಂಪರ್ಕದಿಂದಲೂ, ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಬರುತ್ತದೆ. ಬಿ ಇದ್ದವರಿಗೆ ಮಾತ್ರ ಅಂಟುವ ಡಿ ಎಂಬುದೂ ಒಂದಿದೆ. ಒಟ್ಟಿಗೆ ಉಂಡರೆ, ತಬ್ಬಿಕೊಂಡರೆ ಬಿ ಹರಡುವುದಿಲ್ಲ.

ಆಮೇಲೆ ಬಾಲಮ್ಮ, ಮನೆಯಲ್ಲಿ ಉಗುರು ಕತ್ತರಿಸುವುದು ಯಾವುದರಿಂದ ಎಂದು ಕೇಳಿದರು. ರತ್ನಾವತಿ ಬಾಗಿಲ ಬಳಿ ಮೊಳೆಗೆ ತೂಗುಹಾಕಿದ್ದ ನೈಲ್ ಕಟರ್ ತೋರಿಸಿದರು. ಮನೆಮಂದಿಗೆಲ್ಲ ಅದೊಂದೇ. ಅಪ್ಪ ಮಗನಿಗೆ ರೇಜರ್ ಕೂಡ ಒಂದೇ.

“ಲೋಟಕ್ಕ ಹಚ್ಚಿದ ಬಣ್ಣ ಇದಕ್ಕ ಹಚ್ಚಬೇಕಿತ್ತು ನೋಡ್ರಿ,” ಎಂದರು ಬಾಲಮ್ಮ. “ರಕ್ತ ತಾಗೋದು ಇಲ್ಲಿ. ಬ್ರಶ್, ಬ್ಲೇಡು, ಸೂಜಿ ಎಲ್ಲಾ ತಮ್ತಮ್ದೇ ಇರ್ಬೇಕು.”

ರತ್ನಾವತಿ ಎದ್ದು ಕಟರನ್ನು ಮೊಳೆಯಿಂದ ತೆಗೆದರು. ಬೇರೆ ಇಡಬೇಕಾದ್ದನ್ನು ಮೊಳೆಗೆ ತೂಗುಹಾಕಿ, ಬೇರೆ ಇಡಬಾರದ ಹುಡುಗಿಯನ್ನು ಮೂಲೆಗೆ ಕೂರಿಸಿದ್ದರು. ಮೆಲ್ಲಗೆ ಕೇಳಿದರು, “ಹಾಲು ಕೊಡಬಹುದಾ ಹಾಗಾದ್ರೆ?”

“ಧಾರಾಳ ಕೊಡಬಹುದು. ಹೆರಿಗಿ ಮಾತ್ರ ದೊಡ್ಡ ಆಸ್ಪತ್ರ್ಯಾಗ ಆಗ್ಲಿ. ಕೂಸು ಹುಟ್ಟಿದ ಕೂಡ್ಲೇ, ಒಂದು ದಿನ ದಾಟೋದ್ರಾಗ, ಬಿ ಲಸಿಕಿ ಹಾಕಸ್ರಿ. ಅದರ ಜೋಡಿ, ಲಸಿಕಿ ಕೆಲಸ ಸುರು ಮಾಡೋತನ ಕೂಸಿನ್ನ ಕಾಯೋ ಇಮ್ಯುನೊಗ್ಲಾಬ್ಯುಲಿನ್ ಅನ್ನೋ ಇಂಜೆಕ್ಷನ್ನೂ ಬೇಕು. ಅಲ್ಲಿ ಮೊದ್ಲೇ ಹೇಳಿಡ್ರಿ.”

ರಮಿತಾಳನ್ನು ಲಿವರ್ ಡಾಕ್ಟರಿಗೂ ತೋರಿಸಬೇಕು, ಕೆಲವು ತಾಯಂದಿರಿಗೆ ಮಾತ್ರೆ ಬೇಕಾಗುತ್ತದೆ ಎಂದರು. ಉಳಿದವರು ರಕ್ತ ಪರೀಕ್ಷಿಸಿಕೊಂಡು ಲಸಿಕೆ ಹಾಕಿಸಿಕೊಳ್ಳಬೇಕು. ಇದು ಅವಳಿಗೆ ಎಲ್ಲಿಂದ ಬಂತೆಂದು ಕೆದಕುವುದು ಬೇಡ. ಹುಟ್ಟುವಾಗಲೇ ಬಂದಿರಲೂಬಹುದು.

ಬಾಲಮ್ಮ ಹೋದ ಮೇಲೆ ರತ್ನಾವತಿ ಲೋಟದ ಬಣ್ಣವನ್ನು ಚಾಕುವಿನಿಂದ ಕೆರೆದು ತೆಗೆದರು. ನಂತರ ಸೊಸೆಯ ಬಳಿ ಹೋಗಿ, “ನನ್ನದು ತಪ್ಪಾಯ್ತು ಮಗಾ. ಒಳಗೆ ಬಾ, ಒಟ್ಟಿಗೆ ಊಟ ಮಾಡುವ,” ಎಂದರು. ರಮಿತಾ ಅತ್ತಳು, ಅತ್ತು ಎರಡು ಸಲ ಸಾರು ಹಾಕಿಸಿಕೊಂಡಳು.

ಹೆರಿಗೆ ಪಕ್ಕದ ಊರು ಕಲ್ಯಾಣದ ದೊಡ್ಡ ಆಸ್ಪತ್ರೆಯಲ್ಲಾಯಿತು. ಅಲ್ಲಿಯ ನರ್ಸ್ ಹೊರಗೆ ಬಂದಾಗ ಗಂಡೋ ಹೆಣ್ಣೋ ಎಂದು ಕೇಳುವ ಮೊದಲೇ ರತ್ನಾವತಿ, “ಎರಡೂ ಇಂಜೆಕ್ಷನ್ ಆಯ್ತಾ?” ಎಂದು ಕೇಳಿದರು. ಆಗಿತ್ತು. ಹೆಣ್ಣುಮಗು, ತನ್ವಿ ಎಂದು ಹೆಸರಿಟ್ಟರು. ತಾಯಿಯ ಹಾಲು ಕುಡಿದು ಗುಂಡಗಾಯಿತು. ಮುಂದಿನ ಲಸಿಕೆಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ.

ಹತ್ತನೆಯ ತಿಂಗಳಿಗೆ ತನ್ವಿಯ ರಕ್ತಪರೀಕ್ಷೆಯಾಯಿತು. ಮಗುವಿಗೆ ಬಿ ತಾಗಿಲ್ಲ ಎಂದು ಯೋಗೀಶ್ ಓದಿ ಹೇಳಿದಾಗ ರತ್ನಾವತಿ ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತುಬಿಟ್ಟರು. ಎಷ್ಟೋ ತಿಂಗಳ ಭಾರ ಒಮ್ಮೆಲೇ ಇಳಿಯಿತು. ಮನೆಗೆ ಬಂದು ಎಲ್ಲರಿಗೂ ಪಾಯಸ ಹಂಚಿದರು. ಆ ಹಳೆಯ ಲೋಟ ಯಾವುದೆಂದು ಈಗ ಅವರಿಗೂ ಗುರುತು ಸಿಗುವುದಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ನೈಲ್ ಕಟರ್ ಎಲ್ಲಿದೆ? ರೇಜರ್ ಎಷ್ಟು ಜನರದ್ದು? ಇವತ್ತೇ ನೋಡಿ. ನೀರು ಕುದಿಸಿ ಕುಡಿಯಿರಿ, ಕೈ ತೊಳೆದು ಉಣ್ಣಿ. ಮನೆಯಲ್ಲಿ ಬಸುರಿ ಇದ್ದರೆ ಹೆಪಟೈಟಿಸ್ ಪರೀಕ್ಷೆ ಮಾಡಿಸಿ. ಬಿ ಇದೆಯೆಂದು ಬಂದರೆ ಡಾಕ್ಟರ ಬಳಿಗೆ, ಹುಟ್ಟುವ ಮಗುವಿನ ಮತ್ತು ಮನೆಮಂದಿಯ ಲಸಿಕೆಗೆ ಓಡಿ, ಮನುಷ್ಯರನ್ನು ಮಾತ್ರ ದೂರ ಇಡಬೇಡಿ.