ಅಂಥವರು ಇಲ್ಲಿ ಯಾರೂ ಇಲ್ಲ

ಕಳೆದ ಮೂರು ತಿಂಗಳು ಬೆಳಗ್ಗೆ ಎದ್ದ ಕೂಡಲೇ ಮೇಲ್ ತೆರೆದು ನೋಡುವುದೇ ನನ್ನ ಮೊದಲ ಕೆಲಸವಾಗಿತ್ತು. ಎಂ.ಎಸ್ಸಿ. ಓದಬೇಕೆಂದು ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದೆ. ನಾಲ್ಕು ಕಡೆಯವರು ವಿಷಾದಿಸಿದ್ದಾಗಿತ್ತು. ಅಷ್ಟೊಂದು ದೊಡ್ಡವರು ನನಗಾಗಿ ವಿಷಾದಿಸಿದ್ದು ಜೀವಮಾನದಲ್ಲೇ ಮೊದಲು. ಉಳಿದದ್ದು ಒಂದೇ ಒಂದು. ಅಲ್ಲಿ ಅಂತರ್ಜಲದ ವಿಭಾಗವಿತ್ತು, ವಿದ್ಯಾರ್ಥಿವೇತನವಿತ್ತು, ಜೊತೆಗೆ ಮೂವತ್ತು ತುಂಬಿರಬಾರದು ಎಂಬ ಷರತ್ತೂ ಇತ್ತು. ನನಗೆ ಬರುವ ತಿಂಗಳು ಮೂವತ್ತು. ಈ ಸಲ ತಪ್ಪಿದರೆ ಮುಗಿಯಿತು, ಯಾರ ಕೈಕಾಲು ಹಿಡಿದರೂ ಆಗುವಂತಿರಲಿಲ್ಲ.

ನಾನು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಬೇರೆ ಬೇರೆ ಬೀದಿಯ ನಲ್ಲಿಗಳಿಂದ ಬಾಟಲಿಗಳಲ್ಲಿ ನೀರು ಬರುತ್ತದೆ. ಅದರಲ್ಲಿ ಏನೇನಿದೆ ಎಂದು ಅಳೆದು ಬರೆಯುವುದಷ್ಟೇ ನಮ್ಮ ಪಾಲಿನದು. ಇಷ್ಟು ಉಪ್ಪು ಎಲ್ಲಿಂದ ಬಂತು ಎಂದು ಕೇಳಿದರೆ ಮೇಲಿನವರು "ಅದು ನಮ್ಮ ಕೆಲಸ ಅಲ್ಲಮ್ಮ" ಅನ್ನುತ್ತಾರೆ. ಎಂಟು ವರ್ಷದಿಂದ ಅದೇ ಉತ್ತರ ಕೇಳಿ ಕೇಳಿ ನನಗೆ ರೋಸಿಹೋಗಿತ್ತು. ಅದೇ ನನ್ನ ಕೆಲಸವಾಗಬೇಕಿತ್ತು.

ಒಳಗೆ ಮೊಬೈಲ್ ಒಯ್ಯುವಂತಿಲ್ಲ. ಹಾಗಾಗಿ ಅರ್ಜಿಯಲ್ಲಿ ಹಗಲು ಹೊತ್ತು ಸಿಗುವ ನಂಬರ್ ಕೇಳಿದ ಕಡೆ ಮನೆಯ ಫೋನಿನದನ್ನು ಬರೆದಿದ್ದೆ. ಆದರೆ ಮನೆಯಲ್ಲಿ ಯಾರಿಗೂ ಅರ್ಜಿಯ ಸುದ್ದಿ ಹೇಳಿರಲಿಲ್ಲ. ಐದೂ ಕಡೆ ಬೇಡವೆಂದರೆ ಅಪ್ಪ ಅಮ್ಮನ ಮುಖ ಹೇಗೆ ನೋಡಲಿ ಎಂಬ ಭಯ. ಹೇಗೂ ಏನಿದ್ದರೂ ಮೇಲ್‌ನಲ್ಲೇ ಬರುತ್ತದೆ, ಫೋನ್ ಯಾರು ಮಾಡುತ್ತಾರೆ ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು.

ಅಪ್ಪ ಮೂವತ್ತನಾಲ್ಕು ವರ್ಷ ದೊಡ್ಡಾಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಒಳಗೆ ಯಾರಿದ್ದಾರೆ ಎಂದು ಹೊರಗಿನವರಿಗೆ ಹೇಳಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು. ಅವರು ಸೇರಿದ ಹೊಸತರಲ್ಲಿ ಜೊತೆಯವರೊಬ್ಬರು, ಕೇಳಿದವರ ದನಿ ಮೃದುವಾಗಿತ್ತೆಂದು, ಒಬ್ಬ ಹೆಂಗಸು ಮಲಗಿದ್ದ ವಾರ್ಡ್ ಯಾವುದೆಂದು ಹೇಳಿಬಿಟ್ಟರಂತೆ. ಕೇಳಿದವನು ಅವಳನ್ನು ಹೊಡೆದು ಆಸ್ಪತ್ರೆ ಸೇರಿಸಿದ್ದ ಗಂಡ. ಅರ್ಧ ಗಂಟೆಯಲ್ಲಿ ಬಂದನಂತೆ. ಮುಂದೇನಾಯಿತೆಂದು ಅಪ್ಪ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ನಿವೃತ್ತರಾದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಒಮ್ಮೆ ಸೋದರಮಾವ ಫೋನ್ ಮಾಡಿ "ಭಾವ ಇದಾರಾ?" ಎಂದು ಕೇಳಿದರೆ "ಅಂಥವರು ಇಲ್ಲಿ ಯಾರೂ ಇಲ್ಲ" ಎಂದು ಇಟ್ಟುಬಿಟ್ಟಿದ್ದರು. ಅಮ್ಮ ಅವರಿಗೆ 'ಎಕ್ಸ್‌ಚೇಂಜ್' ಎಂದು ಹೆಸರಿಟ್ಟಿದ್ದಳು. "ಎಕ್ಸ್‌ಚೇಂಜ್‌ನೋರೇ, ಊಟಕ್ಕೆ ಏಳಿ" ಅನ್ನುವಳು. ನಾವು ನಗುತ್ತಿದ್ದೆವು.

ಗುರುವಾರ ನನಗೆ ವಾರದ ರಜೆ. ಮಧ್ಯಾಹ್ನ ಎರಡೂವರೆಗೆ ಉಳಿದಿದ್ದ ಆ ಒಂದು ಕಡೆಯಿಂದ ಮೇಲ್ ಬಂತು. ನಿಂತಲ್ಲೇ ಎರಡು ಸಲ ಓದಿದೆ. ಕೊನೆಯ ಸುತ್ತಿಗೆ ನನ್ನನ್ನು ಆರಿಸಿದ್ದರಂತೆ. ಫೋನಿನಲ್ಲೇ ಸಂದರ್ಶನ ಮಾಡಲು ಮಂಗಳವಾರ ಎರಡು ಸಲ ಕರೆ ಮಾಡಿದ್ದರಂತೆ. ಎರಡು ಸಲವೂ ಒಬ್ಬರು ಬಹಳ ಮರ್ಯಾದೆಯಿಂದ ಅಂಥವರು ಇಲ್ಲಿ ಯಾರೂ ಇಲ್ಲ ಅಂದರಂತೆ. ಇಂದು ನಾಲ್ಕು ಗಂಟೆಯೊಳಗೆ ಸಂಪರ್ಕಿಸದಿದ್ದರೆ ನಿಮಗೆ ಆಸಕ್ತಿಯಿಲ್ಲವೆಂದು ಭಾವಿಸುತ್ತೇವೆ, ಎಂದಿತ್ತು.

ನಡುಮನೆಗೆ ಓಡಿದೆ. ಅಪ್ಪ ಫೋನಿನ ಪಕ್ಕದ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದರು.

"ಅಪ್ಪಾ, ಮಂಗಳವಾರ ನನ್ನ ಕೇಳ್ಕೊಂಡು ಫೋನ್ ಬಂದಿತ್ತಾ?"

"ಬಂದಿತ್ತು, ಎರಡು ಸಲ. ನಾನು ಬಿಟ್ಕೊಡ್ಲಿಲ್ಲ," ಅಂದರು, ಹೆಮ್ಮೆಯಿಂದಲೇ. "ಗುರುತಿಲ್ಲದ ಗಂಡಸು. ನಿನ್ನ ಪೂರ್ತಿ ಹೆಸರು ಹೇಳ್ತಾನೆ, ಹುಟ್ಟಿದ ತಾರೀಕು ಹೇಳ್ತಾನೆ. ನನಗೇ ಭಯ ಆಗೋಯ್ತು."

"ಅದು ಯೂನಿವರ್ಸಿಟಿಯವರು! ನನ್ನ ಸೀಟು ಅದು! ನಿಮ್ಮ ಆಸ್ಪತ್ರೆ ಮುಚ್ಚಿ ಎಷ್ಟು ವರ್ಷ ಆಯ್ತು ನಿಮ್ಮ ಪಾಲಿಗೆ, ಇನ್ನೂ ಅದೇ ಹಾಡು!"

ಅಷ್ಟು ಜೋರಾಗಿ ನಾನು ಅವರ ಮೇಲೆ ಯಾವತ್ತೂ ಕೂಗಿರಲಿಲ್ಲ. ಅಮ್ಮ ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದಳು. ಅಪ್ಪ ಪತ್ರಿಕೆ ಮಡಿಸಿದರು.

"ಯಾವ ಸೀಟು?" ಎಂದರು ಮೆಲ್ಲಗೆ. "ನನಗೊಂದು ಮಾತು ಹೇಳಿದ್ರೆ ಸಾಕಾಗಿತ್ತಲ್ಲೇ ಮರಿ."

ಐದು ಅರ್ಜಿಗಳ ಕತೆಯನ್ನು ಒಂದೇ ಉಸಿರಿಗೆ ಹೇಳಿದೆ.

ಮೇಲ್‌ಗೆ ಮರುತ್ತರ ಬರೆದೆ. ಈ ವಿಳಾಸಕ್ಕೆ ಬರುವ ಪತ್ರಗಳನ್ನು ಯಾರೂ ಓದುವುದಿಲ್ಲ ಎಂದು ತಕ್ಷಣ ಬಂತು. ವಿಭಾಗದ ನಂಬರಿಗೆ ಮಾಡಿದರೆ ರೆಕಾರ್ಡ್ ಮಾಡಿದ ದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುತ್ತಿತ್ತು. ಒತ್ತಿದೆ. ಸಂಗೀತ ಬಂತು, ಲೈನ್ ಕಟ್ಟಾಯಿತು. ಮತ್ತೆ ಮಾಡಿದೆ. ಮತ್ತೆ ಸಂಗೀತ. ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು. ಅವಸರಕ್ಕೆ ನಂಬರ್ ತಪ್ಪತೊಡಗಿತು.

"ಇಲ್ಲಿ ಕೊಡು," ಎಂದು ಅಪ್ಪ ಎದ್ದರು. "ವಿಭಾಗಕ್ಕೆ ಮಾಡಿದ್ರೆ ಯಾವತ್ತೂ ಸಿಗಲ್ಲ. ಬೋರ್ಡಿಗೆ, ಆಪರೇಟರ್ ಕೂರೋ ಕಡೆಗೆ ಮಾಡ್ಬೇಕು."

ನನ್ನ ಕೈಯಿಂದ ಹೆಸರು, ಅರ್ಜಿ ಸಂಖ್ಯೆ ಬರೆದ ಚೀಟಿ ತೆಗೆದುಕೊಂಡು ಮುಖ್ಯ ನಂಬರಿಗೆ ಮಾಡಿ, ರೆಕಾರ್ಡ್ ದನಿ ಮಾತು ಮುಗಿಸುವ ಮೊದಲೇ ಸೊನ್ನೆ ಒತ್ತಿದರು. ಯಾರೋ ಎತ್ತಿದರು.

"ನಮಸ್ಕಾರಮ್ಮ. ನಾನೂ ಬೋರ್ಡಿನವನೇ, ಮೂವತ್ತನಾಲ್ಕು ವರ್ಷ ಮಾಡಿದೀನಿ. ಒಂದು ಲೈನ್ ಬೇಕಿತ್ತು." ಆ ಕಡೆಯವರು ಯಾರಿಗಾಗಿ ಎಂದು ಕೇಳಿರಬೇಕು. ಅಪ್ಪ ಕೈಯಲ್ಲಿದ್ದ ಚೀಟಿ ನೋಡಿದರು. ಒಂದು ಗಳಿಗೆ ಅವರಿಂದ ಹೇಳಲಾಗುವುದಿಲ್ಲವೇನೋ ಎನಿಸಿತು.

"ನನ್ನ ಮಗಳಿಗಮ್ಮ," ಅಂದರು. ಆಮೇಲೆ ನಿಲ್ಲಿಸಲಿಲ್ಲ. "ಇದಾಳೆ, ಇಲ್ಲೇ ನನ್ನ ಪಕ್ಕದಲ್ಲೇ ನಿಂತಿದಾಳೆ. ನಾನು ಇಲ್ಲ ಅಂದಿದ್ದು ಸುಳ್ಳು, ತಪ್ಪು ನಂದು. ನೀರು ಪರೀಕ್ಷೆ ಮಾಡ್ತಾಳೆ. ಬೆಳಗ್ಗೆ ಏಳಕ್ಕೆ ಹೋದ್ರೆ ಸಂಜೆ ಆರಕ್ಕೆ ಬರ್ತಾಳೆ. ಉಣ್ಣೋವಾಗ್ಲೂ ಪುಸ್ತಕ. ನಮ್ಮನೆ ನಲ್ಲಿ ನೀರನ್ನ ತಿಂಗಳು ತಿಂಗಳೂ ಬಾಟ್ಲಿಗೆ ಹಿಡಿದು ತಾರೀಕು ಬರ್ದು ಮಂಚದ ಕೆಳಗಿಟ್ಟಿದಾಳೆ, ಎಂಟು ವರ್ಷದ್ದೂ. ನಾನು ನೋಡಿಲ್ಲ ಅಂದ್ಕೊಂಡಿದಾಳೆ."

ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹಾಗೇ ನಿಂತಿದ್ದಳು. ಅಪ್ಪನ ಹಣೆಯಲ್ಲಿ ಬೆವರು. ಮೂವತ್ತನಾಲ್ಕು ವರ್ಷ ಯಾರ ಬಗ್ಗೆಯೂ ಒಂದಕ್ಷರ ಹೇಳದ ಮನುಷ್ಯ, ಮುಖ ಕಾಣದ ಒಬ್ಬರಿಗೆ ನನ್ನನ್ನು ಪೂರ್ತಿ ಹೇಳಿಬಿಟ್ಟಿದ್ದರು.

"ಲೈನ್ ಸಿಕ್ತು, ಮಾತಾಡು," ಎಂದು ನನ್ನ ಕೈಗೆ ಕೊಟ್ಟರು. ನಾಲ್ಕಕ್ಕೆ ಆರು ನಿಮಿಷವಿತ್ತು.

ಮಾತಾಡಿದ ಗುಮಾಸ್ತೆ ಒಳ್ಳೆಯವರೂ ಅಲ್ಲ, ಕೆಟ್ಟವರೂ ಅಲ್ಲ. ನನ್ನ ಹೆಸರು ಬರೆದುಕೊಂಡರು. ಆಯ್ಕೆ ಸಮಿತಿ ನಾಳೆ ಕೂರುತ್ತದೆ, ನಿಮ್ಮ ಸಂದರ್ಶನ ಮಾಡುತ್ತಾರೋ ಇಲ್ಲವೋ ಅವರಿಗೆ ಬಿಟ್ಟದ್ದು, ಮಾಡುವುದಾದರೆ ಇದೇ ನಂಬರಿಗೆ ಕರೆ ಬರುತ್ತದೆ, ಐದರೊಳಗೆ ಬರದಿದ್ದರೆ ಇಲ್ಲವೆಂದು ತಿಳಿಯಿರಿ ಅಂದರು.

ಇವತ್ತು ಆ ನಾಳೆ. ನಾನು ರಜೆ ಹಾಕಿ ಕೂತಿದ್ದೇನೆ. ಅಪ್ಪ ಬೆಳಗ್ಗೆ ಎಂಟಕ್ಕೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ಬೆಳಗ್ಗಿನಿಂದ ಮೂರು ಸಲ ಫೋನ್ ಬಂತು. ಗ್ಯಾಸ್ ಅಂಗಡಿಯವನು, ಯಾರೋ ರಾಂಗ್ ನಂಬರ್, ಸೋದರಮಾವ. ಮೂವರಿಗೂ ಅಪ್ಪ ಹಲೋ ಅನ್ನುವುದಕ್ಕೂ ಮೊದಲೇ "ಇದಾಳೆ, ಇದಾಳೆ" ಅಂದರು. ಅಮ್ಮನಿಗೂ ನನಗೂ ನಗು ಬರಲಿಲ್ಲ.

ಐದಕ್ಕೆ ಇನ್ನು ಹತ್ತು ನಿಮಿಷ. ಫೋನ್ ಹೊಡೆದುಕೊಳ್ಳುತ್ತಿದೆ. ಅಪ್ಪ ಕೈ ಚಾಚಿದರು, ಕೈ ಫೋನಿನ ಮೇಲೇ ನಿಂತಿತು. ನಾನು ಆ ಕೈಯ ಮೇಲೆ ನನ್ನ ಕೈಯಿಟ್ಟೆ. ಇಬ್ಬರೂ ಸೇರಿ ಎತ್ತಿದೆವು.