ಮುಖ ನೋಡುವ ನಾಯಿ

ಅವನ ಕಸುಬು ಚರ್ಮದ ಚೀಲ, ಬೆಲ್ಟು ಹೊಲಿಯುವುದು. ಆದರೆ ಊರಿನವರ ಬಾಯಲ್ಲಿ ಅವನು ಜಾಡಣ್ಣ. ಬಂದೂಕಿನವರು ಹಂದಿಗೆ ಗುಂಡು ಹೊಡೆದು, ಅದು ಸಾಯದೆ ಎಲ್ಲೋ ಪೊದೆ ಸೇರಿಕೊಂಡರೆ ಅವನಿಗೆ ಫೋನು ಬರುತ್ತಿತ್ತು. ಕೈಯಲ್ಲಿದ್ದ ಸೂಜಿಯನ್ನು ಚರ್ಮಕ್ಕೇ ಚುಚ್ಚಿಟ್ಟು, ಗೋಡೆಯ ಮೊಳೆಯಿಂದ ಉದ್ದನೆಯ ಹಗ್ಗ ಇಳಿಸಿಕೊಂಡು, ಸುಕ್ಕಿಯನ್ನು ಕರೆದುಕೊಂಡು ಹೊರಟುಬಿಡುತ್ತಿದ್ದ. ಮರಿಯಾಗಿದ್ದಾಗಲೇ ಹಣೆಯ ಮೇಲೆ ಮುದುಕಿಯ ಹಾಗೆ ಗೆರೆಗಳಿದ್ದದ್ದರಿಂದ ಅವಳು ಸುಕ್ಕಿ. ನೋಡಲು ಏನೇನೂ ಚೆಂದವಿರಲಿಲ್ಲ. ಮೂಗು ಮಾತ್ರ ಆ ಸೀಮೆಯಲ್ಲೇ ಇಲ್ಲ ಎನ್ನುವಂಥದ್ದು. ರಾತ್ರಿಯಿಡೀ ಮಳೆ ಹೊಡೆದ ಮೇಲೂ, ಜನ ಓಡಾಡಿ ತುಳಿದ ಮೇಲೂ, ಗಾಯಗೊಂಡ ಪ್ರಾಣಿ ಹಿಡಿದ ದಾರಿಯನ್ನು ಅವಳು ಬಿಡುತ್ತಿರಲಿಲ್ಲ.

ತಮಾಷೆ ಎಂದರೆ, ಮೂಗಿನ ಮೇಲೆ ಹೆಸರು ಮಾಡಿದ ಈ ಮನುಷ್ಯನಿಗೆ ಮೂಗೇ ಇರಲಿಲ್ಲ. ಅಂಟಿನ ಡಬ್ಬಿಯ ಎದುರು ವರ್ಷಗಟ್ಟಲೆ ಕೂತು ವಾಸನೆ ಸತ್ತುಹೋಗಿತ್ತು.

"ಹಾಲು ಸೀದು ಮನೆಯೆಲ್ಲ ಹೊಗೆಯಾದ್ರೂ ಈ ಮಹಾನುಭಾವರಿಗೆ ಗೊತ್ತಾಗಲ್ಲ. ನಾಯಿ ಬಂದು ನನ್ನನ್ನ ಕರೀಬೇಕು" ಎಂದು ಹೆಂಡತಿ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು.

"ಮನೆಗೊಂದು ಮೂಗು ಸಾಕು ಬಿಡೇ" ಎಂದು ಅವನು ನಗುತ್ತಿದ್ದ.

ಹಗ್ಗ ಕಟ್ಟಿದ ಮೇಲೆ ಸುಕ್ಕಿಗೆ ಯಜಮಾನ ಅಂತ ಒಬ್ಬ ಇದ್ದಾನೆ ಎನ್ನುವುದೇ ಮರೆತುಹೋಗುತ್ತಿತ್ತು. ತಲೆ ತಗ್ಗಿಸಿದಳೆಂದರೆ ಹಿಂದಕ್ಕೆ ತಿರುಗಿ ನೋಡಿದ್ದೇ ಇಲ್ಲ. ಜಾಡಣ್ಣನದು ಒಂದೇ ಕಟ್ಟುನಿಟ್ಟು: ಹಗ್ಗ ಹಿಡಿದವನು ಬಾಯಿ ಮುಚ್ಚಿಕೊಂಡು ಹಿಂದೆ ನಡೆಯಬೇಕು. ಸರಿಯಾದ ಜಾಡಿನ ಮೇಲಿರುವ ನಾಯಿಯನ್ನು "ಬೇಡ" ಎಂದು ಎಳೆದರೆ, ಆಮೇಲೆ ಅದು ನೆಲ ಬಿಟ್ಟು ನಿನ್ನ ಮುಖ ನೋಡಲು ಕಲಿಯುತ್ತದೆ. ಮುಖ ನೋಡುವ ನಾಯಿ ಮುಗಿದ ಹಾಗೆ. ಇದನ್ನು ಅವನು ಎಷ್ಟು ಜನಕ್ಕೆ ಉಪದೇಶ ಮಾಡಿದ್ದನೋ. ಉಪದೇಶಕ್ಕೇನು, ಬಾಯಿ ಇದ್ದರೆ ಸಾಕು.

ಕೆಟ್ಟದ್ದು ಭಾಮೈದನ ಹಂದಿಯಿಂದ. ಹೆಂಡತಿಯ ತಮ್ಮ, ಟೈರಿನ ಅಂಗಡಿಯವನು. ಒಳ್ಳೆಯ ಹುಡುಗನೇ, ಬಾಯಿ ಮಾತ್ರ ಇಬ್ಬರಿಗಾಗುವಷ್ಟು. ಹೊಸ ಬಂದೂಕಿನ ಮೊದಲ ಬೇಟೆ ತೋರಿಸಲು ಬಂದೂಕಿನವರನ್ನೆಲ್ಲ ಕಲ್ಲುಕ್ವಾರಿಯ ಹಿಂದಕ್ಕೆ ಕರೆದು ತಂದಿದ್ದ. ಸುಕ್ಕಿ ಗುಂಡು ಬಿದ್ದ ಜಾಗ ಮೂಸಿದವಳೇ ಮೇಲಿನ ಮುಳ್ಳುಪೊದೆಗಳ ಕಡೆ ಹಗ್ಗ ಜಗ್ಗಿದಳು.

"ಭಾವ, ಆ ಕಡೆ ಅಲ್ಲ! ಕಣ್ಣಾರೆ ಕಂಡಿದೀನಿ, ಹಳ್ಳದ ಕಡೆ ಇಳೀತು. ಬೇಕಾದ್ರೆ ನೋಡಿ, ಇಲ್ಲಿ ರಕ್ತ!"

ರಕ್ತವೇನೋ ಇತ್ತು. ಕಾಲುದಾರಿಯುದ್ದಕ್ಕೂ ಹನಿಹನಿಯಾಗಿ ಬಿದ್ದಿತ್ತು.

"ನಾಯಿಗೆ ವಯಸ್ಸಾಯ್ತು ಕಣಣ್ಣ, ಮನೇಲಿ ಕೂರಿಸಿ ಗಂಜಿ ಹಾಕು" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಭಾಮೈದನೂ ನಕ್ಕ.

ನಾಲ್ಕು ಜನರ ನಗುವಿಗೆ ಮನುಷ್ಯ ಎಷ್ಟು ಬೇಗ ಕರಗುತ್ತಾನೆ! ಜಾಡಣ್ಣ ಹಗ್ಗ ಎಳೆದ. "ಬೇಡ ಸುಕ್ಕಿ." ಅವಳು ಉಗುರೂರಿ ನಿಂತಳು. ಇನ್ನಷ್ಟು ಜೋರಾಗಿ ಎಳೆದ. ಕೊರಳು ಬಿಗಿದು ಕೆಮ್ಮು ಬಂತು, ಆದರೂ ಅವಳು ಜಗ್ಗಲಿಲ್ಲ. ಆಗ ಅವನು ಗದರಿಸಿಬಿಟ್ಟ. ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಆಮೇಲೆ ತೆಪ್ಪಗೆ ಹಿಂದೆ ಬಂದಳು.

ಆ ರಕ್ತದ ಹನಿಗಳ ಕೊನೆಯಲ್ಲಿ ಸಿಕ್ಕಿದ್ದು, ಬೆಳಿಗ್ಗೆ ಯಾರೋ ಜಿಂಕೆ ಹಸನು ಮಾಡಿ ಬಿಸಾಡಿದ್ದ ಕರುಳಿನ ಗುಡ್ಡೆ. ಹಂದಿ ಎಲ್ಲಿತ್ತೆಂದು ಕೆಲವು ದಿನ ಕಳೆದ ಮೇಲೆ ಕಾಗೆಗಳು ಹೇಳಿದವು. ಅದು ಮೇಲಿನ ಮುಳ್ಳುಪೊದೆಯೊಳಗಿತ್ತು. ಬಿದ್ದ ಜಾಗದ ಮಣ್ಣೆಲ್ಲ ಗೊರಸಿನಿಂದ ಕೆದರಿಹೋಗಿತ್ತು. ಬಹಳ ಹೊತ್ತು ನರಳಿ ಸತ್ತಿತ್ತು ಪಾಪ.

ಮುಂದಿನ ಸಲ ಹಗ್ಗ ಕಟ್ಟಿದಾಗ ಸುಕ್ಕಿ ನೆಲ ಮೂಸಿದಳು, ಎರಡು ಹೆಜ್ಜೆ ಇಟ್ಟಳು, ನಿಂತಳು. ತಿರುಗಿ ಅವನ ಮುಖ ನೋಡಿದಳು. 

ಸರಿಪಡಿಸೋಣವೆಂದು ಅವನು ಹೊರಟ. ಕಸಾಯಿ ಅಂಗಡಿಯಿಂದ ಬಾಟಲಿಯಲ್ಲಿ ರಕ್ತ ತಂದು, ಕ್ವಾರಿಯ ಬಯಲಿನಲ್ಲಿ ತಾನೇ ಹನಿಸುತ್ತ ಜಾಡು ಹಾಕುತ್ತಿದ್ದ. ಮಾರನೆಯ ದಿನ ಅವಳನ್ನು ಅದರ ಮೇಲೆ ಬಿಡುತ್ತಿದ್ದ. ಮೊದಮೊದಲು ತಡವರಿಸಿದಳು. ಬರಬರುತ್ತ ಎಲ್ಲೂ ತಪ್ಪದೆ ನಡೆದಳು. ಭಾಮೈದನೇ ನಿಂತು ನೋಡಿ, "ಭಾವ, ನನ್ನದೇ ತಪ್ಪು. ಇವಳ ಮೂಗಿಗೆ ಕೈ ಮುಗೀಬೇಕು" ಎಂದ. ಊರಿಗೆಲ್ಲ ಅದನ್ನೇ ಡಂಗುರ ಸಾರಿದ. ಹೆಂಡತಿ ಆ ದಿನ ನಾಯಿಗೆ ಎರಡು ಮೊಟ್ಟೆ ಹೆಚ್ಚಿಗೆ ಹಾಕಿದಳು.

ಆದರೆ ಒಂದು ಬೆಳಿಗ್ಗೆ ಜಾಡಣ್ಣನ ನೆನಪು ಕೈಕೊಟ್ಟಿತು. ಹಿಂದಿನ ದಿನ ಜಾಡನ್ನು ಮುರುಕು ಗೋಡೆಯ ಹತ್ತಿರ ತಿರುಗಿಸಿದ್ದೆ ಎಂದುಕೊಂಡಿದ್ದ. ಸುಕ್ಕಿ ಸರಿಯಾಗಿ ಅಲ್ಲೇ ತಿರುಗಿ ಸರಸರನೆ ನಡೆದಳು. ಅವನಿಗೆ ಖುಷಿಯೋ ಖುಷಿ. ಆಮೇಲೆ ದೂರದ ಲೈಟುಕಂಬದಲ್ಲಿ, ಗುರುತಿಗೆಂದು ತಾನೇ ಕಟ್ಟಿದ್ದ ಬಟ್ಟೆಯ ಚೂರು ಗಾಳಿಗೆ ಆಡುವುದು ಕಂಡಿತು. ಜಾಡು ತಿರುಗಿದ್ದು ಅಲ್ಲಿ. ಗೋಡೆಯ ಹತ್ತಿರ ಒಂದು ಹನಿಯೂ ಬಿದ್ದಿರಲಿಲ್ಲ.

ಅವನು ಅಲ್ಲೇ ಕುಕ್ಕರಿಸಿದ. ಇಷ್ಟು ದಿನ ಅವಳು ರಕ್ತ ಮೂಸುತ್ತಿರಲೇ ಇಲ್ಲ. ಅವನ ಕೈಯಲ್ಲಿ ಹಗ್ಗ ಎಲ್ಲಿ ಸಡಿಲವಾಗುತ್ತದೆ, ಹೆಜ್ಜೆ ಎಲ್ಲಿ ನಿಧಾನವಾಗುತ್ತದೆ ಎಂದು ಅವನನ್ನೇ ಓದುತ್ತ ನಡೆದಿದ್ದಳು. ಅವನಿಗೆ ಗೊತ್ತಿದ್ದರೆ ಅವಳಿಗೂ ಗೊತ್ತು, ಅವನು ತಪ್ಪಿದರೆ ಅವಳೂ ತಪ್ಪಿದಳು. ಸುಕ್ಕಿ ಬಾಲ ಆಡಿಸುತ್ತ, ಶಭಾಷ್ ಅನ್ನಲಿ ಎಂದು ಕಾಯುತ್ತಿದ್ದಳು.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಜಾಡಣ್ಣ ಎನ್ನುವ ಹೆಸರೊಂದೇ ಅವನು ಸಂಪಾದಿಸಿದ್ದು. ಬೆಲ್ಟು ಯಾರು ಬೇಕಾದರೂ ಹೊಲಿಯುತ್ತಾರೆ.

ಮೋಡ ಕವಿದ ಒಂದು ಬೆಳಿಗ್ಗೆ ಭಾಮೈದ ಫೋನು ಮಾಡಿದ.

"ಭಾವ, ಕ್ವಾರಿ ಕೆಳಗಿನ ಜೊಂಡಿನ ಹತ್ರ ಒಂದು ದೊಡ್ಡ ಹಂದಿಗೆ ಹೊಡೆದೆ. ಏಟು ಬಿದ್ದಿದೆ, ಆದ್ರೆ ಒಳಗೆ ನುಗ್ಗಿಬಿಡ್ತು. ಸುಕ್ಕೀನ ಕರ್ಕೊಂಡು ಬೇಗ ಬನ್ನಿ."

ಜಾಡಣ್ಣ ಬಾಗಿಲ ಬಳಿ ಮಲಗಿದ್ದ ಸುಕ್ಕಿಯನ್ನು ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಆಗಲ್ಲ ಮಾರಾಯ. ಅವಳ ಕಾಲಿಗೆ ಮುಳ್ಳು ಹೊಕ್ಕಿದೆ, ನೆಲಕ್ಕೆ ಊರೋಕೇ ಆಗ್ತಿಲ್ಲ."

"ಅಯ್ಯೋ ಪಾಪ. ಸರಿ ಬಿಡಿ, ಏಟು ಬಿದ್ದ ಹಂದೀನ ನರಳೋಕೆ ಬಿಡಬಾರದು ಅಂತ ನೀವೇ ಹೇಳ್ತೀರಲ್ಲ. ನಾನೇ ಒಂದು ಸುತ್ತು ನೋಡ್ಕೊಂಡು ಬರ್ತೀನಿ."

ಗಾಯಗೊಂಡ ಹಂದಿಯ ಹಿಂದೆ ಒಬ್ಬನೇ ಜೊಂಡಿನೊಳಗೆ ಹೋಗಬೇಡ ಎನ್ನಬೇಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ, ಹಾಗಾದರೆ ನೀವು ಬನ್ನಿ ಎನ್ನುತ್ತಿದ್ದ. ಜಾಡಣ್ಣ ಫೋನು ಕೆಳಗಿಟ್ಟು ಸೂಜಿ ಎತ್ತಿಕೊಂಡ.

ಮಧ್ಯಾಹ್ನ ಹೆಂಡತಿ ಓಡಿಬಂದಳು. "ರೀ, ತಮ್ಮ ಇನ್ನೂ ಬಂದಿಲ್ವಂತೆ. ಫೋನು ರಿಂಗಾಗ್ತದೆ, ಎತ್ತಲ್ಲ. ಏಳಿ, ನಾಯೀನ ಕರ್ಕೊಳ್ಳಿ."

"ಅವಳ ಕಾಲಿಗೆ..."

"ಕಾಲು ಹಾಳಾಗ್ಲಿ! ಬೇಕಾದ್ರೆ ನಾನು ಎತ್ಕೊಂಡು ಬರ್ತೀನಿ."

ಎತ್ತಿಕೊಳ್ಳಬೇಕಾಗಲಿಲ್ಲ. ಹಗ್ಗ ಕಂಡದ್ದೇ ಸುಕ್ಕಿ ಪುಟಪುಟನೆ ಮುಂದೆ ಓಡಿದಳು. ಹೆಂಡತಿ ದಾರಿಯುದ್ದಕ್ಕೂ ಅವಳ ಕಾಲನ್ನೇ ನೋಡುತ್ತಿದ್ದಳು.

"ಇವಳು ಕುಂಟ್ತಾನೇ ಇಲ್ವಲ್ಲ" ಎಂದಳು. ಜಾಡಣ್ಣ ಬೇಗಬೇಗ ನಡೆದ.

ಭಾಮೈದನ ಬೈಕು ಕ್ವಾರಿಯ ಗೇಟಿಗೆ ಒರಗಿ ನಿಂತಿತ್ತು. ಕೆಳಗೆ ಆಳೆತ್ತರದ ಜೊಂಡು, ಕಣ್ಣು ಹಾಯುವಷ್ಟು ದೂರ. ಅಂಚಿನಲ್ಲಿ ಹಂದಿಯ ಕೂದಲು, ಸ್ವಲ್ಪ ರಕ್ತ, ಆಮೇಲೆ ಬರೀ ನೀರು, ಕೆಸರು. "ತಮ್ಮಾ!" ಎಂದು ಅವಳು ಕೂಗಿದಳು. ಜೊಂಡು ಸದ್ದು ಮಾಡಿತು, ಅಷ್ಟೇ.

ಸುಕ್ಕಿ ಮೂಸಿದಳು. ಎಡಕ್ಕೆ ಎರಡು ಹೆಜ್ಜೆ ಇಟ್ಟಳು. ತಿರುಗಿ ಅವನ ಮುಖ ನೋಡಿದಳು.

"ಹೋಗು ತಾಯಿ, ಹೋಗು" ಎಂದ. ಹೋಗು ಎಂದಾಗ ಅವನ ಕೈ ಯಾವ ಕಡೆ ಆಡಿತೋ, ಅವಳು ಬಲಕ್ಕೆ ತಿರುಗಿದಳು. ಅವನು ಕೈ ಹಿಂದಕ್ಕೆಳೆದುಕೊಂಡ. ಅವಳು ನಿಂತಳು. ಹಗ್ಗ ಬಿಚ್ಚಿ, ಬೆನ್ನು ತಿರುಗಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಸುತ್ತಿ ಎದುರಿಗೆ ಬಂದು ಕೂತಳು.

"ಯಾಕೆ ಕೂತ್ಳು? ರೀ, ಅವಳು ಏನು ಮಾಡ್ತಿದಾಳೆ?"

ಜಾಡಣ್ಣ ಕೈ ಕೆಳಗಿಳಿಸಿದ. "ನನ್ನನ್ನ ಕೇಳ್ತಿದಾಳೆ ಕಣೇ. ಎಲ್ಲಿಗೆ ಹೋಗ್ಲಿ ಅಂತ ನನ್ನನ್ನ ಕೇಳ್ತಿದಾಳೆ." ಹೇಳುತ್ತ ಹೇಳುತ್ತ ಅವನಿಗೆ ಅಳು ಬಂತು.

ಊರಿನವರು ಬಂದು, ಸಾಲಾಗಿ ಕೈ ಹಿಡಿದು ಜೊಂಡಿಗೆ ಇಳಿದರು. ಹೊತ್ತು ಮುಳುಗುವ ಮುಂಚೆ ಭಾಮೈದ ಸಿಕ್ಕಿದ. ಎಡಕ್ಕೆ, ಹೆಚ್ಚು ದೂರವೇನಿಲ್ಲ. ಸ್ವಲ್ಪ ಆಚೆಗೆ ಹಂದಿಯೂ ಸತ್ತು ಬಿದ್ದಿತ್ತು. ಹಂದಿಯ ಕೋರೆ ಅವನ ತೊಡೆ ಸೀಳಿತ್ತು. ಫೋನು ಕೈಗೆ ಎಟುಕದಷ್ಟು ದೂರ ಕೆಸರಿನಲ್ಲಿ ಬಿದ್ದಿತ್ತು. ಸೊಂಟದ ಬೆಲ್ಟು ಬಿಚ್ಚಿ ಅವನು ಗಾಯದ ಮೇಲೆ ಬಿಗಿಯಾಗಿ ಕಟ್ಟಿಕೊಂಡಿದ್ದ. ಜಾಡಣ್ಣನೇ ಹೊಲಿದುಕೊಟ್ಟಿದ್ದ ಬೆಲ್ಟು ಅದು. ಮಧ್ಯಾಹ್ನದವರೆಗಾದರೂ ಜೀವ ಇದ್ದಿರಬೇಕು ಎಂದು ಡಾಕ್ಟರು ಹೇಳಿದರು.

ಹೆಂಡತಿ ಅಳುವಷ್ಟು ಅತ್ತಳು. ಮುಳ್ಳಿನ ಮಾತನ್ನು ಎತ್ತಲಿಲ್ಲ. ಯಾವ ಮಾತನ್ನೂ ಎತ್ತಲಿಲ್ಲ. ಊಟ ಬಡಿಸಿ ತಟ್ಟೆ ಮುಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಹಗ್ಗ ಮೊಳೆಗೇ ನೇತಾಡುತ್ತಿತ್ತು. ಜಾಡಣ್ಣ ಎಂದು ಯಾರಾದರೂ ಕರೆದರೆ ಅವನು ತಿರುಗುತ್ತಿರಲಿಲ್ಲ.

ಒಂದು ಸಂಜೆ ಅವಳು ನಾಯಿಯ ಬಟ್ಟಲನ್ನು ತಂದು ಬಾಗಿಲ ಬಳಿ ಇಟ್ಟಳು. ಸುಕ್ಕಿ ಎದ್ದು ಬಂದು, ಬಟ್ಟಲಿನ ಮುಂದೆ ನಿಂತು, ಹೊಲಿಗೆಯ ಮಣೆಯ ಮೇಲೆ ಕೂತಿದ್ದ ಅವನ ಕಡೆ ನೋಡಿದಳು. ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಬಾಯಿ ಹಾಕಲಿಲ್ಲ.

"ತಿನ್ನು ಅನ್ನಿ ಅವಳಿಗೆ" ಎಂದಳು ಹೆಂಡತಿ. ಅಷ್ಟು ದಿನಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು. "ನೀವು ಹೇಳದೆ ಅವಳು ಈಗ ಏನೂ ಮಾಡಲ್ಲ."

"ತಿನ್ನು" ಎಂದ ಅವನು.

ಸುಕ್ಕಿ ತಲೆ ತಗ್ಗಿಸಿ ತಿನ್ನತೊಡಗಿದಳು.