ನಡುಮನೆಯ ಡೀಸೆಲ್ ಕಾರು

ನಾನು ಬಡಗಿ. ಮರದಲ್ಲಿ ಮಾಡಿ ನೋಡದೆ ಯಾವುದನ್ನೂ ನಂಬುವವನಲ್ಲ. ಯಾರಾದರೂ ಬೀರು ಬೇಕೆಂದು ಬಂದರೆ, ಮೊದಲು ಹಳೇ ಪ್ಲೈವುಡ್ ತುಂಡುಗಳಲ್ಲಿ ಅದೇ ಅಳತೆಯ ಒಂದು ಸುಳ್ಳು ಬೀರು ಮಾಡಿ ಅವರ ಮನೆಯಲ್ಲಿ ವಾರ ಇಟ್ಟು ಬರುತ್ತೇನೆ. ಬಾಗಿಲು ತೆರೆದರೆ ಮಂಚಕ್ಕೆ ಬಡಿಯುತ್ತದೋ, ಕತ್ತಲಲ್ಲಿ ಎದ್ದವರ ಹಣೆಗೆ ತಾಗುತ್ತದೋ, ಎಲ್ಲ ಗೊತ್ತಾದ ಮೇಲೆ ನಿಜವಾದ ಬೀರು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಒಂದು ಬೀರೂ ವಾಪಸ್ ಬಂದಿಲ್ಲ. ಅಂಥವನು ಜೀವಮಾನದ ಉಳಿತಾಯ ಸುರಿದು ಕಾರು ಕೊಳ್ಳುವಾಗ ಶೋರೂಮಿನವನ ಮಾತಿಗೆ ಕೋಲೆಬಸವನ ಹಾಗೆ ತಲೆಯಾಡಿಸಬೇಕೇ? ನೀವೇ ಹೇಳಿ.

ಕಾರು ಬೇಕಾಗಿದ್ದು ಅಮ್ಮನಿಗೆ. ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ಐದು ಗಂಟೆಯ ದಾರಿಯಾಚೆ ಇದ್ದಾಳೆ. ಎಂಬತ್ತಮೂರು ವರ್ಷ, ಕಣ್ಣು ಪೂರ್ತಿ ಹೋಗಿದೆ. ಇತ್ತ ಅಮ್ಮನ ಸೊಂಟದ ಕೀಲು ಬದಲಾಯಿಸಿದ ಡಾಕ್ಟರು, ಬಸ್ಸು ಹತ್ತಕೂಡದು, ಮೊಣಕಾಲಿಗಿಂತ ತಗ್ಗಿನ ಸೀಟಿನಲ್ಲಿ ಕೂರಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು. ಒಮ್ಮೆ ಬಾಡಿಗೆ ಕಾರು ತರಿಸಿದೆ. ಬೀದಿಯ ತಿರುವು ದಾಟುವುದರೊಳಗೆ ಅಮ್ಮ ಅಯ್ಯೋ ಎಂದಳು, ಮೂರು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಹೀಗೆ ಅಕ್ಕತಂಗಿಯರು ಜೊತೆಯಲ್ಲಿ ಕೂರದೆ ಮೂರು ವರ್ಷ ಕಳೆದಿತ್ತು. ದಿನಾ ಮಧ್ಯಾಹ್ನ ಫೋನಿನಲ್ಲಿ ಮಾತು, ಅಷ್ಟೇ. ಒಂದು ದಿನ ದೊಡ್ಡಮ್ಮ ಫೋನು ನನಗೆ ಕೊಡಿಸಿ, "ನಾನು ಹೋಗೋದ್ರೊಳಗೆ ಇವಳನ್ನ ಒಂದ್ಸಲ ಕರ್ಕೊಂಡ್ ಬಾರೋ" ಎಂದಳು. ಅವತ್ತೇ ಕಾರು ಕೊಳ್ಳುವುದೆಂದು ತೀರ್ಮಾನಿಸಿದೆ.

ಹೆಂಡತಿ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಕ್ಯಾಲೆಂಡರಿನ ಹಿಂದೆ ಒಂದು ಮೊತ್ತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದಳು. "ಇದರ ಮೇಲೆ ಒಂದು ಕಾಸೂ ಇಲ್ಲ ರೀ. ಹಿಂದ್ಗಡೆ ಬಾಗಿಲು ಇರೋ ಚಿಕ್ಕ ಕಾರು. ಹೊಸದು. ಡೀಸೆಲ್ಲು. ಒಂದ್ಸಲ ಟ್ಯಾಂಕ್ ತುಂಬಿಸಿದ್ರೆ ದೊಡ್ಡಮ್ಮನ ಮನೆಗೆ ಹೋಗಿ ಬಂದೂ ಮಿಗ್ಬೇಕು." ಆ ಗೆರೆಯೊಳಗೆ ಸಿಕ್ಕಿದ್ದು ನಾಲ್ಕೇ ಕಾರು. ನಾಲ್ಕಕ್ಕೂ ಅವಳು ಮಾರ್ಕ್ಸ್ ಪಟ್ಟಿ ಮಾಡಿದಳು. ಮೈಲೇಜಿಗೆ ಇಷ್ಟು, ಡಿಕ್ಕಿಗೆ ಇಷ್ಟು, ಅಮ್ಮನ ಸೀಟಿಗೆ ಇಷ್ಟು. ಅರವತ್ತು ಬಂದರೆ ಪಾಸು. ಒಂದೂ ಪಾಸಾಗಲಿಲ್ಲ.

"ಒಂದಕ್ಕಾದ್ರೂ ಗ್ರೇಸ್ ಮಾರ್ಕ್ಸ್ ಕೊಡೇ."

"ನಿಮ್ಮ ಮಗಳಿಗೇ ಕೊಟ್ಟಿಲ್ಲ, ಕಾರಿಗೆ ಕೊಡ್ತೀನಾ?"

ಓಡಿಸಿ ನೋಡೋಣವೆಂದು ನಾಲ್ಕೂ ಕಂಪನಿಯ ಕಾರು ಮಾರುವ ಶೋರೂಮಿಗೆ ಹೋದೆವು. ಸೇಲ್ಸ್‌ನವನು ತಾನೇ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ. ಯಾರಿಗಾಗಿ ಕಾರೋ ಆ ಅಮ್ಮ, ಎರಡು ಬೀದಿ ನಡೆದು ಬಂದವಳು, ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ಹತ್ತು ನಿಮಿಷಕ್ಕೆ ಸುತ್ತು ಮುಗೀತು ಅಂದ. ಹತ್ತು ನಿಮಿಷದಲ್ಲಿ ಒಂದು ಸ್ಟೂಲನ್ನೂ ಆರಿಸಲಾಗದು ಸ್ವಾಮಿ! ನನಗೆ ಮೈಯೆಲ್ಲ ಉರಿಯಿತು. ನಾಲ್ಕೂ ಕಾರಿನ ಬಣ್ಣಬಣ್ಣದ ಪುಸ್ತಿಕೆ ಕಿತ್ತುಕೊಂಡು ಮನೆಗೆ ಬಂದವನೇ ನಡುಮನೆಯ ಸೋಫಾ ಹೊರಗೆ ಹಾಕಿದೆ.

ಒಂಬತ್ತು ದಿನದಲ್ಲಿ ಕಾರು ಎದ್ದು ನಿಂತಿತು. ಪೂರ್ತಿ ಪ್ಲೈವುಡ್, ಒಂದು ಮೊಳೆಯಿಲ್ಲ, ಎಲ್ಲ ಸ್ಕ್ರೂ. ಹಲಗೆ ಸರಿಸಿ ಅಳತೆ ಬದಲಿಸಿದರೆ ಒಂದು ವಾರ ಈ ಕಂಪನಿಯದು, ಇನ್ನೊಂದು ವಾರ ಆ ಕಂಪನಿಯದು. ಸ್ಟೀರಿಂಗಿಗೆ ಮುರಿದ ಸ್ಟೂಲಿನ ಬಳೆ, ಗೇರಿಗೆ ಪೊರಕೆ ಹಿಡಿ, ಸೀಟ್ ಬೆಲ್ಟಿಗೆ ಮಂಚಕ್ಕೆ ಹೆಣೆಯುವ ಪಟ್ಟಿ. ಸಂಜೆ ಆರರಿಂದ ಏಳು ಎಲ್ಲರೂ ಕೂರಲೇಬೇಕು ಎಂದು ಕಾನೂನು ಮಾಡಿದೆ. ಮನೆಯಲ್ಲಿ ಲೈಸೆನ್ಸ್ ಇರುವುದು ಮಗಳಿಗೊಬ್ಬಳಿಗೇ, ಕಾಲೇಜು ಮುಗಿಸಿದವಳು. ಅವಳು ಸ್ಟೀರಿಂಗ್ ಹಿಡಿದು ಬಾಯಲ್ಲೇ ಇಂಜಿನ್ ಸದ್ದು ಮಾಡುತ್ತಿದ್ದಳು, ಡೀಸೆಲ್ ಇಂಜಿನ್ನಿನ ಗುಡುಗುಡು ಸದ್ದು. ಪಕ್ಕದಲ್ಲಿ ಅಮ್ಮ. ಹಿಂದೆ ನಾನು, ಪರೀಕ್ಷೆ ಪೇಪರು ತಿದ್ದುವ ಹೆಂಡತಿ, ಡಿಕ್ಕಿಯಲ್ಲಿ ಎರಡು ಸೂಟ್‌ಕೇಸು.

ಎರಡನೇ ವಾರ ಹೆಂಡತಿ ಸೆಕೆ ಅಂದಳು, ಕಿಟಕಿ ಕೊರೆದೆ. ಮೂರನೇ ವಾರ ಅಮ್ಮ, "ನಿಧಾನ ಹೋಗೇ ತಾಯಿ, ಎದೆ ಹೊಡ್ಕೊಳ್ತಿದೆ" ಎಂದು ಮೊಮ್ಮಗಳಿಗೆ ಗದರಿದಳು. ಹಾಗೆಂದು ಎರಡು ನಿಮಿಷಕ್ಕೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ವಾಂತಿ ಬರುತ್ತಿದೆ ಎಂದಳು.

"ಅಮ್ಮಾ, ಗಾಡಿ ನಿಂತಿದೆ ಕಣಮ್ಮ!"

"ಈ ತಿರುವಲ್ಲಿ ನಂಗೆ ಯಾವಾಗ್ಲೂ ಹೀಗೇ ಕಣೋ."

ಹೆಂಡತಿ ತಲೆ ಎತ್ತದೆ ಸಸ್ಪೆನ್ಷನ್ನಿಗೆ ಐದು ಮಾರ್ಕ್ಸ್ ಕತ್ತರಿಸಿದಳು. ಆ ಕಾರು ಅಲ್ಲಿಗೆ ಫೇಲು. ಸೋಫಾ ಇಲ್ಲದ್ದರಿಂದ ಮನೆಗೆ ಬಂದವರೂ ಕಾರಿನಲ್ಲೇ ಕೂರಬೇಕಾಯಿತು. ಒಬ್ಬ ಇನ್ಶೂರೆನ್ಸ್ ಏಜೆಂಟು ಹಿಂದಿನ ಸೀಟಿನಲ್ಲಿ ಕಾಫಿ ಕುಡಿದು, ಹೋಗುವಾಗ ಬಹಳ ಗಂಭೀರವಾಗಿ ಗಾಡಿಯ ನಂಬರ್ ಕೇಳಿದ.

ಅಮ್ಮ ಮಧ್ಯಾಹ್ನದ ಫೋನನ್ನೂ ಮುಂದಿನ ಸೀಟಿಗೇ ತಂದಳು. ಅವಳ ಸೊಂಟಕ್ಕೆ ಒಪ್ಪುವ ಎತ್ತರಕ್ಕೆ ಆ ಸೀಟನ್ನು ನಾನು ಹನ್ನೊಂದು ಸಲ ಏರಿಸಿ ಇಳಿಸಿ ಕೂರಿಸಿದ್ದೆ. ಒಂದು ದಿನ ಹಿತ್ತಲಲ್ಲಿ ಕೀಸುಳಿಯಿಂದ ಹಲಗೆ ನುಣುಪು ಮಾಡುತ್ತಿದ್ದವನಿಗೆ ಅವಳ ಮಾತು ಕಿವಿಗೆ ಬಿತ್ತು.

"ಹ್ಞೂಂ ಅಕ್ಕ, ಕಾರಲ್ಲೇ ಕೂತಿದ್ದೀನಿ. ಹೊರಟ್ವಿ. ಇಗೋ, ಸೇತುವೆ ದಾಟಿದ್ವಿ."

ಫೋನಿಟ್ಟ ಮೇಲೆ ರೇಗಿದೆ. "ಯಾಕಮ್ಮ ಸುಳ್ಳು ಹೇಳ್ತೀಯ?"

"ಕೂತಿರೋದು ನಿಜ ತಾನೇ? ಅವಳಿಗೆ ಎಷ್ಟು ಖುಷಿಯಾಯ್ತು ಗೊತ್ತಾ. ಬಾಗಿಲಲ್ಲಿ ಕುರ್ಚಿ ಹಾಕಿಸ್ಕೊಂಡು ಕೂತ್ಕೊಳ್ತಾಳಂತೆ."

ನಾನು ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಕಾರಿನ ಹುಚ್ಚು ಹಿಡಿದಿತ್ತು. ಡಿಕ್ಕಿಯ ಬಾಗಿಲಿಗೆ ಕೀಲು, ಕನ್ನಡಿಗೆ ಚೌಕಟ್ಟು, ಕೈಯಿಡಲು ಪಟ್ಟಿ. ಅಳೆದೂ ಸುರಿದೂ ನಾಲ್ಕು ತಿಂಗಳು ಕಳೆಯಿತು. ಕೊನೆಗೆ ಮೂರನೇ ಕಂಪನಿಯ ಕಾರು ಅರವತ್ತೊಂದು ತೆಗೆದು ಪಾಸಾಯಿತು. ಹೆಂಡತಿ ಹಾಳೆಗೆ ಸಹಿ ಹಾಕಿದಳು. ಹಣ ತಗೊಂಡು ನಾವಿಬ್ಬರೂ ಶೋರೂಮಿಗೆ ಹೋದೆವು.

ಸೇಲ್ಸ್‌ನವನು ನಮ್ಮನ್ನು ಮರೆತೇ ಬಿಟ್ಟಿದ್ದ. "ಡೀಸೆಲ್ಲಾ ಸಾರ್? ಚಿಕ್ಕ ಕಾರಲ್ಲಿ ಡೀಸೆಲ್ ನಿಲ್ಸಿ ಹದಿನೈದು ದಿನ ಆಯ್ತಲ್ಲ. ಆ ನಾಲ್ಕು ಕಂಪನೀಲೂ ಇಲ್ಲ. ಪೆಟ್ರೋಲ್ ತಗೊಳ್ಳಿ, ಹೊಸ ಮಾಡೆಲ್ ಬಂದಿದೆ. ಸೀಟು ಸ್ವಲ್ಪ ತಗ್ಗು, ಬಹಳ ಸ್ಟೈಲಾಗಿದೆ."

ದಾರಿಯುದ್ದಕ್ಕೂ ಹೆಂಡತಿ ಸಹಿ ಹಾಕಿದ ಹಾಳೆಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡುತ್ತಿದ್ದಳು. ನಾನೋ, ನನ್ನ ಬುದ್ಧಿಗೆ ಏನು ಹೇಳಲಿ, ಪೆಟ್ರೋಲ್ ಕಾರುಗಳಿಗೆ ಹಲಗೆ ಹೇಗೆ ಸರಿಸುವುದು ಎಂದು ಲೆಕ್ಕ ಹಾಕುತ್ತಿದ್ದೆ. ಇನ್ನೆರಡು ತಿಂಗಳು, ಹೆಚ್ಚೆಂದರೆ ಮೂರು. ಬಾಗಿಲು ತೆರೆದಾಗ ಅಮ್ಮ ಕಾರಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದಳು. ಫೋನು ಸ್ಪೀಕರಿನಲ್ಲಿತ್ತು.

"ನಾಲ್ಕು ತಿಂಗಳಿಂದ ಸೇತುವೆ ದಾಟ್ತಾನೇ ಇದ್ದೀರಲ್ಲೇ," ದೊಡ್ಡಮ್ಮ ಹೇಳುತ್ತಿದ್ದಳು. ದನಿ ಬಹಳ ಸಣ್ಣಗಾಗಿತ್ತು. "ನಡ್ಕೊಂಡ್ ಬಂದಿದ್ರೂ ಇಷ್ಟೊತ್ತಿಗೆ ಬಂದಿರ್ತಿದ್ರಿ. ಕಾರು ಒಳ್ಳೇದೇ ಇರ್ಬೋದು. ನಂಗೆ ಅಷ್ಟು ಟೈಮಿಲ್ಲ ಕಣೇ."

ಅಮ್ಮ ಗೇರಿನ ಪೊರಕೆ ಹಿಡಿಯನ್ನು ಸವರುತ್ತಾ ಎದುರಿನ ಗೋಡೆ ನೋಡುತ್ತಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಊರೆಲ್ಲ ಹುಡುಕಿದ ಸೀಟು ನಾಲ್ಕು ತಿಂಗಳಿಂದ ನನ್ನ ಮನೆಯಲ್ಲೇ ಇತ್ತು, ಅಮ್ಮ ಅದರಲ್ಲೇ ಕೂತಿದ್ದಳು. ಇದನ್ನೇ ಲಾರಿಯ ಮೇಲೇರಿಸಿ ಹೊರಡುವುದೆಂದು ಹಗ್ಗ ತರಲು ಓಡಿದೆ.

ಹೊರಗೆ ಸಾಗಿಸಲು ನೋಡಿದರೆ ಕಾರು ಬಾಗಿಲಲ್ಲಿ ಹಿಡಿಸದು! ಇಪ್ಪತ್ತೆಂಟು ವರ್ಷದ ಬಡಗಿ, ಎಲ್ಲದರ ಅಳತೆ ತೆಗೆದಿದ್ದೆ, ಮನೆ ಬಾಗಿಲಿನದು ಬಿಟ್ಟು. ಮಗಳು ಬಿದ್ದು ಬಿದ್ದು ನಕ್ಕಳು. ಪುಣ್ಯಕ್ಕೆ ಮೊಳೆ ಹೊಡೆದಿರಲಿಲ್ಲ. ಇನ್ನೂರ ಹದಿನಾಲ್ಕು ಸ್ಕ್ರೂ ಬಿಚ್ಚಿ, ಬೆಳಿಗ್ಗೆ ಮರದ ಡಿಪೋದ ಲಾರಿಯ ಮೇಲೆ ಮತ್ತೆ ಬಿಗಿದೆ. ಲಾರಿ ಡ್ರೈವರಿಗೆ ಎಲ್ಲರೂ ಹಾರನ್ ಅನ್ನುತ್ತಾರೆ, ಯಾಕೆಂದು ಬೇರೆ ಹೇಳಬೇಕಾಗಿಲ್ಲ. ಅಮ್ಮನ ಸೀಟಿನ ಕೆಳಗೆ ಮನೆಯಲ್ಲಿದ್ದ ಹಾಸಿಗೆಯನ್ನೆಲ್ಲ ತುರುಕಿದೆ. ದಿಮ್ಮಿ ಏರಿಸುವ ಹಲಗೆಯ ಮೇಲೆ ಅವಳನ್ನು ಸೀಟು ಸಮೇತ ಮೇಲಕ್ಕೆ ತಳ್ಳಿದೆವು.

"ಅಮ್ಮ, ನೋವಾಯ್ತಾ?"

"ಸುಮ್ನೆ ತಳ್ಳೋ!"

ಹೊರಟೆವು. ಯಾರ ಜಾಗ ಯಾರಿಗೆ ಎಂದು ಜಗಳವೇ ಇಲ್ಲ, ನಾಲ್ಕು ತಿಂಗಳ ಅಭ್ಯಾಸ. ಲಾರಿ ಎಡಕ್ಕೆ ತಿರುಗಿದಾಗ ಮಗಳೂ ಸ್ಟೂಲಿನ ಬಳೆಯನ್ನು ಎಡಕ್ಕೆ ತಿರುಗಿಸುತ್ತಿದ್ದಳು. ಹೆಂಡತಿ ಮೂಗು ಅರಳಿಸಿ ಹೊಗೆಯ ವಾಸನೆ ಹಿಡಿದಳು. "ಅಂತೂ ಡೀಸೆಲ್ಲು," ಎಂದಳು.

ಅರ್ಧ ದಾರಿಯಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ. ಲಾರಿಯ ಚಕ್ರದ ಮೇಲೆ ಹತ್ತಿ, ಕಿಟಕಿಯಲ್ಲಿ ತಲೆ ತೂರಿಸಿ ನಮ್ಮನ್ನೆಲ್ಲ ನೋಡಿದ.

"ಏನಿದು?"

"ಪೀಠೋಪಕರಣ ಸಾರ್," ಅಂದೆ.

"ಇವ್ರು?"

"ನಮ್ಮಮ್ಮ."

ಅವನು ಮಗಳ ಕಡೆ ತಿರುಗಿ ಲೈಸೆನ್ಸ್ ಕೇಳಿದ. ಅವಳು ಕೊಟ್ಟಳು. ಹಿಂದೆ ಮುಂದೆ ತಿರುಗಿಸಿ ನೋಡಿ, "ಲೈಸೆನ್ಸ್ ಇದೆ, ಬೆಲ್ಟೂ ಹಾಕಿದ್ದೀರ," ಎಂದು ಗೊಣಗಿಕೊಂಡು ಇಳಿದುಹೋದ.

ದೊಡ್ಡಮ್ಮನ ಊರಿನ ಸೇತುವೆ ಬಂತು. ಅಮ್ಮ ಅವಸರದಿಂದ ಫೋನು ಮಾಡಿದಳು. "ಅಕ್ಕ, ಸೇತುವೆ ದಾಟಿದ್ವಿ!"

"ಗೊತ್ತು ಬಿಡೇ, ದಿನಾ ದಾಟ್ತೀರ," ಎಂದಳು ದೊಡ್ಡಮ್ಮ.

ಆದರೂ ಅವಳು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹಾರನ್ ತನ್ನ ಹೆಸರಿಗೆ ತಕ್ಕಂತೆ ಹಾರನ್ ಹೊಡೆದ. ದೊಡ್ಡಮ್ಮ ಗೋಡೆ ಹಿಡಿದು ಎದ್ದಳು. ನಾನು ಕೈಹಿಡಿದು ಲಾರಿಯ ಹತ್ತಿರ ಕರೆತಂದೆ. ತಂಗಿಗೆ ಇಳಿಯುವುದು ಕಷ್ಟ ಅಂದಿದ್ದಕ್ಕೆ, "ಹಾಗಾದ್ರೆ ನನ್ನನ್ನೇ ಏರ್ಸೋ" ಎಂದಳು. ನಾನು ಮತ್ತು ಹಾರನ್ ಎತ್ತಿದೆವು. ಹೂವಿನಷ್ಟು ಹಗುರ. ಮಗಳು ಹಿಂದಕ್ಕೆ ಹೋಗಿ ಸ್ಟೀರಿಂಗಿನ ಜಾಗ ಬಿಟ್ಟುಕೊಟ್ಟಳು.

ದೊಡ್ಡಮ್ಮ ಬಾಗಿಲು ಸವರಿದಳು, ಚಾವಣಿ ಸವರಿದಳು. "ಬಣ್ಣ ಹೊಡೆಸಿಲ್ವೇನೋ?"

"ಇಲ್ಲ ದೊಡ್ಡಮ್ಮ."

"ಹೋಗ್ಲಿ ಬಿಡು. ಗಟ್ಟಿ ಇದೆ." ಆಮೇಲೆ ಪಕ್ಕಕ್ಕೆ ಕೈ ಚಾಚಿ ತಂಗಿಯ ಮುಖ ಹುಡುಕಿದಳು. ಹಣೆ, ಕೆನ್ನೆ, ಗಲ್ಲ. ಇಬ್ಬರೂ ಅಳುತ್ತಿದ್ದರು, ಇಬ್ಬರೂ ನಗುತ್ತಿದ್ದರು. ದೊಡ್ಡಮ್ಮ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದಳು. ಹಿಂದಿನ ಸೀಟಿನಿಂದ ಮಗಳು ಮೆಲ್ಲಗೆ ಇಂಜಿನ್ ಸದ್ದು ಶುರು ಮಾಡಿದಳು.

"ಎಲ್ಲಿಗೆ ಬಂದ್ವೇ?"

"ಬಂದ್ಬಿಟ್ವಿ ಅಕ್ಕ. ಮನೆಗೇ ಬಂದ್ವಿ," ಎಂದಳು ಅಮ್ಮ.

ಮಗಳು ಇಂಜಿನ್ ನಿಲ್ಲಿಸಿದಳು. ನಾನು ಬಾಗಿಲು ತೆರೆಯಲು ಹೋದೆ. ಸ್ವಲ್ಪ ಹೊತ್ತು ಹೀಗೇ ಇರ್ತೀವಿ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.